ಮುಂದಿನ ಸೀಟಿನ ಹುಲಿ ಕಂಬಳಿ ತೆಗೆಯಲು ಅನುಮತಿ ಕೋರಿ

ಸ್ಥಳ: ಲೆಯೋನ್
ದಿನಾಂಕ: ಭಾನುವಾರ, ಬೆಳಿಗ್ಗೆ ಎಂಟೂವರೆ

ಇಂದ,
ಎರ್ಮೆಲಿಂದಾ ಸವಾಲಾ,
ಕಾರಿನ ಸೀಟು ಹೊಲಿಯುವ ಕಾರ್ಖಾನೆಯ ನಿವೃತ್ತ ಹೊಲಿಗೆಗಾರ್ತಿ (ಹತ್ತೊಂಬತ್ತು ವರ್ಷ),
ತಮ್ಮ ಪತ್ನಿ (ಮೂವತ್ತೊಂದು ವರ್ಷ, ನಿವೃತ್ತಿ ಇಲ್ಲ),
ಅಡುಗೆಮನೆ.

ಗೆ,
ದೋನ್ ಕ್ರಿಸೋಫೊರೊ ಲೆದೆಸ್ಮಾ ಅವರಿಗೆ,
ವಾಹನ ನೋಂದಣಿ ಕಚೇರಿಯ ಮೂರನೇ ಕಿಟಕಿಯ ನಿವೃತ್ತ ಗುಮಾಸ್ತರು,
ಹಾಲಿ ಒಂದು ಕಾರಿನ ಮಾಲೀಕರು, ಚಾಲಕರು ಹಾಗೂ ಅದರ ಸಮಸ್ತ ಸೀಟುಗಳ ಏಕೈಕ ಅಧಿಕಾರಿಗಳು,
ಹಜಾರ.

ವಿಷಯ: ಸದರಿ ಕಾರಿನ ಚರ್ಮದ ಸೀಟುಗಳಿಗೆ ಕಂಡೀಷನರ್ ಆರಿಸುವ ಮತ್ತು ಹಚ್ಚುವ ಅಧಿಕಾರವನ್ನು ಅರ್ಜಿದಾರಳಿಗೆ ವಹಿಸುವ ಬಗ್ಗೆ, ಹಾಗೂ ಮುಂದಿನ ಸೀಟಿನ ಮೇಲೆ ಕಂಬಳಿ ಇಲ್ಲದೆ ಒಬ್ಬರನ್ನು ಕೂರಿಸುವ ಬಗ್ಗೆ.

ಉಲ್ಲೇಖ: ೧. ನಿನ್ನೆ ಸಂಜೆ ಕಾರಿನ ಬಾಗಿಲು ಹಿಡಿದು ತಾವು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡು. ಬಾಯಿಮಾತು ನಡೆಯಲ್ಲ."
೨. ಅದಕ್ಕೆ ನಾನು ನೀಡಿದ ಮೌಖಿಕ ಉತ್ತರ (ಇಲ್ಲಿ ಬರೆಯಲು ಯೋಗ್ಯವಲ್ಲ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಮೂವತ್ತು ವರ್ಷ ಕಿಟಕಿಯ ಹಿಂದೆ ಕೂತು "ಒಂದು ಪ್ರತಿ ಕಡಿಮೆ ಇದೆ, ನಾಳೆ ಬನ್ನಿ" ಎಂದು ಊರನ್ನೆಲ್ಲ ವಾಪಸು ಕಳಿಸಿದ ತಮಗೆ ಹೆಂಡತಿಯ ಬಾಯಿಮಾತು ಸಾಲದಿರುವುದು ಸಹಜ. ಕಾರಣ ಈ ಅರ್ಜಿ, ಎರಡು ಪ್ರತಿಗಳಲ್ಲಿ.

೧. ಕಳೆದ ಫೆಬ್ರವರಿಯಲ್ಲಿ ತಾವು ಸದರಿ ಕಾರನ್ನು ಕೊಂಡಿರುತ್ತೀರಿ. ಗಡಿಯಾಚೆ ಉತ್ತರದವರು ಹದಿನಾಲ್ಕು ವರ್ಷ ಓಡಿಸಿ, ಸಾಕಾಗಿ ಬಿಟ್ಟಿದ್ದನ್ನು ತಂದು ಮಾರುವ ಇಂಥ ಗಾಡಿಗೆ ಊರಿನವರು "ಚಾಕೊಲೇಟ್" ಎನ್ನುತ್ತಾರೆ. ತಾವು ಮಾತ್ರ "ವಾಹನ" ಎನ್ನುತ್ತೀರಿ. ಸೀಟುಗಳು ಕಂದು ಬಣ್ಣದ ಅಪ್ಪಟ ಚರ್ಮದವು. ಒಣಗಿದ್ದವು, ಇನ್ನೂ ಬಿರಿದಿರಲಿಲ್ಲ. ಕಂಡೀಷನರ್ ಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ನಮ್ಮ ದಾಂಪತ್ಯದಲ್ಲಿ ಇಂಥದ್ದು ವಿರಳವಾದ್ದರಿಂದ ದಾಖಲಿಸಿರುತ್ತೇನೆ.

೨. ಯಾವ ಕಂಡೀಷನರ್ ಎಂದು ತಾವು ಕ್ಷೌರದಂಗಡಿಯಲ್ಲಿ ಕೇಳಿದಿರಿ, ಪಾದ್ರಿಗಳನ್ನು ಕೇಳಿದಿರಿ, ಕುದುರೆ ಜೀನು ಹೊಲಿಯುವ ತಮ್ಮ ಅಣ್ಣನವರನ್ನು ಕೇಳಿದಿರಿ. ಹತ್ತೊಂಬತ್ತು ವರ್ಷ ಕಾರಿನ ಸೀಟಿಗೆ ಚರ್ಮ ಹೊಲಿದವಳು ಅದೇ ಮನೆಯಲ್ಲಿ ಹುರುಳಿಕಾಳು ಬೇಯಿಸುತ್ತಿದ್ದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಹಾಗೆ. ಅಣ್ಣನವರು ಹೇಳಿದ್ದು: "ತೊಗಲು ಅಂದ್ರೆ ತೊಗಲೇ ಕಣೋ. ಕುದುರೆ ಮೇಲಿದ್ರೇನು, ಕಾರೊಳಗಿದ್ರೇನು? ದನದ ಕಾಲಿನೆಣ್ಣೆ ಸುರಿ, ಬಿಸಿಲಿಗೆ ನಿಲ್ಸು, ಕುಡೀಲಿ ಬಿಡು." ನಾನು ಬಾಗಿಲಲ್ಲಿ ನಿಂತು ಹೇಳಿದ್ದು: "ರೀ, ಅದು ಕುಡಿಯಲ್ಲ. ಕಾರಿನ ಚರ್ಮಕ್ಕೆ ಮೇಲೊಂದು ಬಣ್ಣದ ಪದರ ಇರುತ್ತೆ. ಒಂದು ತೊಟ್ಟು ನೀರು ಹಾಕಿ ನೋಡಿ, ಇಂಗೋದೇ ಇಲ್ಲ." ತಾವು ಹೇಳಿದ್ದು: "ನಾವು ಮಾತಾಡ್ತಾ ಇದೀವಲ್ಲ, ಹೋಗಿ ಕಾಫಿ ತಗೊಂಬಾರೇ." ಕಾಫಿ ತಂದಿರುತ್ತೇನೆ.

೩. ಎಣ್ಣೆ ಸುರಿಯಲಾಯಿತು. ಮೇ ತಿಂಗಳ ಬಿಸಿಲಿಗೆ ನಿಲ್ಲಿಸಲಾಯಿತು. ಸೀಟು ಕುಡಿಯಲಿಲ್ಲ. ಮೇಲೇ ನಿಂತ ಎಣ್ಣೆ ಊರ ಧೂಳನ್ನೆಲ್ಲ ಕರೆದು ಕೂರಿಸಿಕೊಂಡಿತು. ಆ ಭಾನುವಾರ ಪೂಜೆಗೆಂದು ತಾವು ತೊಟ್ಟಿದ್ದ ಬಿಳಿ ಪ್ಯಾಂಟಿನ ಹಿಂಭಾಗದ ಸ್ಥಿತಿಯನ್ನು ಇಡೀ ಇಗರ್ಜಿ ಕಂಡಿದೆ, ವಿವರಿಸುವುದಿಲ್ಲ. ಎಣ್ಣೆಯ ವಾಸನೆಗೆ ಬೀದಿಯ ಏಳು ನಾಯಿಗಳು ಸದರಿ ವಾಹನವನ್ನು ಇಗರ್ಜಿಯ ಮೆಟ್ಟಿಲವರೆಗೂ ಹಿಂಬಾಲಿಸಿದ್ದವು. ತರುವಾಯ ತಾವು ಸಂತೆಯಿಂದ ಥಳಥಳ ಹೊಳೆಯುವ ಸ್ಪ್ರೇ ತಂದು ಅದರ ಮೇಲೆಯೇ ಹೊಡೆದಿರಿ. ಸೀಟು ಹೊಳೆಯಿತು. ಅದರ ಮೇಲೆ ಕೂತವರು ಯಾರೂ ನಿಲ್ಲದೆ ಜಾರಿದರು.

೪. ಈ ಅಂಶವು ತಮ್ಮ ತಾಯಿಯವರು ತಿರುವಿನಲ್ಲಿ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋದ ಕುರಿತಾಗಿತ್ತು. ಮನೆಯ ಶಾಂತಿಯ ದೃಷ್ಟಿಯಿಂದ ಹಿಂಪಡೆಯಲಾಗಿದೆ.

೫. ಆದ್ದರಿಂದ ತಾವು ಹುಲಿಯ ಮುಖವಿರುವ ದಪ್ಪ ಕಂಬಳಿಗಳನ್ನು ಸೀಟುಗಳಿಗೆ ಹೊದಿಸಿ, ಇನ್ನು ಮುಂದೆ ಕೂರುವವರು ಹುಲಿಯ ಮೇಲೆಯೇ ಕೂರತಕ್ಕದ್ದೆಂದು ಆಜ್ಞೆ ಹೊರಡಿಸಿದಿರಿ. ಒಳಗೆ ತಿನ್ನುವಂತಿಲ್ಲ. ಅದರಲ್ಲೂ ಬ್ರೆಡ್ಡಿನೊಳಗೆ ಹುರಿದ ಹಂದಿ ಚರ್ಮ ತುಂಬಿ ಖಾರದ ಸಾಲ್ಸಾ ಸುರಿದು ಕೊಡುವ ನಮ್ಮೂರ ಗ್ವಾಕಮಾಯಾದ ಹೆಸರನ್ನೂ ಎತ್ತುವಂತಿಲ್ಲ.

೬. ಕಳೆದ ಗುರುವಾರ ತಾವು ಪಿಂಚಣಿಗಾಗಿ ತಾವಿನ್ನೂ ಬದುಕಿದ್ದೀರೆಂದು ದೃಢೀಕರಿಸಲು ಬಸ್ಸು ಹತ್ತಿ ರಾಜ್ಯದ ರಾಜಧಾನಿ ಗ್ವಾನಹ್ವಾತೊಗೆ ತೆರಳಿ, ಯಥಾಪ್ರಕಾರ ಒಂದು ಪ್ರತಿ ಕಡಿಮೆಯಾಗಿ, ಶನಿವಾರದವರೆಗೆ ಅಲ್ಲೇ ಉಳಿದಿರಿ. ಆ ಅವಧಿಯಲ್ಲಿ ಅರ್ಜಿದಾರಳು ಮೇಲಧಿಕಾರಿಗಳ ಅನುಮತಿಯಿಲ್ಲದೆ ಹುಲಿಗಳನ್ನು ಎತ್ತಿರುತ್ತಾಳೆ. ಸೋಪಿನ ನೊರೆಯಿಂದ ಎಣ್ಣೆಯನ್ನೂ ಸ್ಪ್ರೇಯನ್ನೂ ಎರಡು ಸಲ ಒರೆಸಿ, ನೆರಳಿನಲ್ಲಿ ಒಣಗಿಸಿದೆ. ಆರಿಸಿದ ಕಂಡೀಷನರ್ ಎಣ್ಣೆಯಲ್ಲ, ನೀರು ಬೆರೆತ ತೆಳು ಬಿಳಿ ಕ್ರೀಮು. ಹೊಳಪಿಲ್ಲ, ವಾಸನೆಯಿಲ್ಲ, ನಾಯಿಗಳಿಗೆ ಆಸಕ್ತಿಯಿಲ್ಲ. ಅದನ್ನು ಸೀಟಿಗೆ ಸುರಿಯಬಾರದು. ಬಟ್ಟೆಗೆ ಹುರುಳಿಕಾಳಿನಷ್ಟು ಹಾಕಿ, ಸುತ್ತಾಗಿ ಉಜ್ಜಿ, ಹೊಲಿಗೆಯ ತೂತಿಗೆ ಹೋಗದಂತೆ ನೋಡಿ, ಇಪ್ಪತ್ತು ನಿಮಿಷದ ಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಎಲ್ಲಕ್ಕಿಂತ ಮೊದಲು, ಯಾರಿಗೂ ಕಾಣದ ಜಾಗದಲ್ಲಿ ಒಂದಿಷ್ಟು ಹಚ್ಚಿ ಬಣ್ಣ ಕೆಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕಾರಣ ಮುಂದಿನ ಸೀಟಿನ ಅಡಿಗೆ ಕೈ ಹಾಕಿ, ಒಳಮೈಯ ಅಂಚನ್ನು ಮಗುಚಿದೆ. ಅಲ್ಲಿ ಬೆರಳುದ್ದದ ಬಟ್ಟೆಯ ಪಟ್ಟಿ ಇತ್ತು. ಅದರ ಮೇಲೆ ೨೧೪ ಎಂದಿತ್ತು.

೭. ನನ್ನ ಸಂಖ್ಯೆ ೨೧೫. ಗಡಿಯಾಚೆಗೆ ಕಳಿಸುವ ಸೀಟುಗಳಿಗೆ, ಹೊಲಿಗೆ ಬಿಚ್ಚಿಕೊಂಡರೆ ಯಾರನ್ನು ಬಯ್ಯಬೇಕೆಂದು ತಿಳಿಯಲು ಕಾರ್ಖಾನೆಯವರು ಹಾಕಿಸುತ್ತಿದ್ದ ಪಟ್ಟಿ ಅದು. ೨೧೪ ಎಂದರೆ ನನ್ನ ಪಕ್ಕದ ಯಂತ್ರದ ಚೋನಾ. ನಮ್ಮ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು, ಅಂದಿನಿಂದ ಅವಳಿಗೆ ಜ್ಞಾನತಾಯಿ, ನನಗೆ ಕೊಮಾದ್ರೆಯಾದವಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದು ಮೂರು ವರ್ಷವಾಯಿತು. ಹಿಂದಿನ ಬೀದಿಯಿಂದ ಅವಳನ್ನು ಕೈಹಿಡಿದು ಕರೆತಂದೆ. ಅವಳು ಬಗ್ಗಿ ಬೆರಳಿನಿಂದ ಹೊಲಿಗೆಯ ಗುಂಟ ಹೋದಳು.

"ಮೂಲೇಲಿ ಒಂದು ಹೊಲಿಗೆ ಹಿಂದಕ್ಕೆ ಹಾಕಿದೀನಿ, ಸಿಕ್ತು ನೋಡು. ನಂದೇ ಕಣೆ ಇದು! ದಾರ ದಂಡ ಮಾಡ್ತೀಯ ಅಂತ ಮೇಸ್ತ್ರಿ ಎಷ್ಟು ಬೈತಿದ್ದ."

"ಹದಿನಾಲ್ಕು ವರ್ಷ ಆಯ್ತು ಚೋನಾ. ಒಂದೆಳೆ ಬಿಟ್ಟಿಲ್ಲ."

"ಯಾಕೆ ಬಿಡುತ್ತೆ? ಅದೆಷ್ಟು ಸಾವಿರ ಜನಾನ ಕೂರ್ಸಿದೀವಿ ನಾವು. ಒಂದಿನ ನಾವು ಕೂತ್ವಾ ಹೇಳು?"

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ನಕ್ಕಳು: "ಅಳ್ಬೇಡ್ವೇ, ಸೀಟು ಒದ್ದೆಯಾಗುತ್ತೆ. ಆಮೇಲೆ ನಿನ್ನ ಗಂಡ ಕಣ್ಣೀರಿಗೂ ಅರ್ಜಿ ಕೇಳ್ತಾನೆ."

೮. ಕ್ರೀಮು ಹಚ್ಚಿ, ಪೂರ್ತಿ ಆರಲೆಂದು ಶನಿವಾರದವರೆಗೆ ಕಾದು, ಸಂಜೆ ಅವಳನ್ನು ಕೂರಿಸಲು ಕರೆತಂದಾಗ ತಾವು ಬಂದಿರಿ. ಯಾಕೆ, ಏನು ಎಂದು ಕೇಳದೆ ಹುಲಿಯನ್ನು ಹಾಸಿ, "ಕೂರ್ಸೋದಾದ್ರೆ ಇದರ ಮೇಲೆ ಕೂರ್ಸು" ಎಂದಿರಿ. ಚೋನಾ, "ಬೇಡ ಬಿಡೆ ಕೊಮಾದ್ರೆ, ಕಂಬಳಿ ನಮ್ಮನೇಲೂ ಇದೆ" ಎಂದು ಕೋಲೂರಿಕೊಂಡು ಹೊರಟುಹೋದಳು. ಆಗ ತಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇದನ್ನು ಸೌಮ್ಯವಾಗಿ ಹೇಳುವ ಕಚೇರಿ ಪದವೊಂದು ಇರಬಹುದು, ನನಗೆ ಸಿಗಲಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಕಂಡೀಷನರ್ ಅಧಿಕಾರವನ್ನು ನನಗೆ ವಹಿಸಿ, ಸದರಿ ಕಂಬಳಿಯನ್ನು ಖಾಯಂ ಆಗಿ ಸೇವೆಯಿಂದ ಬಿಡುಗಡೆ ಮಾಡಿ, ಇಂದು ೨೧೪ನ್ನು ಅವಳದೇ ಸೀಟಿನಲ್ಲಿ ಕೂರಿಸಿಕೊಂಡು ಊರ ಕಮಾನಿನವರೆಗೆ ಹೋಗಿ, ಅಲ್ಲಿ ತಲಾ ಒಂದು ಗ್ವಾಕಮಾಯಾ ಕೊಡಿಸಬೇಕೆಂದು, ಅದನ್ನು ಕಾರಿನೊಳಗೇ ತಿನ್ನಲು ಬಿಡಬೇಕೆಂದು ಕೋರುತ್ತೇನೆ. ಸಾಲ್ಸಾ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಲಾಗುವುದು. ಬಣ್ಣದ ಪದರ ಇರುವುದೇ ಅದಕ್ಕೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಎರ್ಮೆಲಿಂದಾ (೨೧೫)

ಲಗತ್ತುಗಳು:
೧. ಸಂಖ್ಯೆಯ ಪಟ್ಟಿಯ ಫೋಟೊ, ಎರಡು ಪ್ರತಿ.
೨. ಸೀಟಿನಿಂದ ಒರೆಸಿ ತೆಗೆದ ಎಣ್ಣೆಯ ಬಟ್ಟೆ, ಒಂದು (ತಮ್ಮ ಅಣ್ಣನವರ ಅವಗಾಹನೆಗೆ).
೩. ಹುಲಿ, ಮಡಿಸಿದ್ದು.

ಷರಾ: ಈ ಅರ್ಜಿಯನ್ನು ತಮ್ಮ ಕಾಫಿ ಲೋಟದ ಕೆಳಗೆ ಇಟ್ಟು ಹೊರಟಿರುತ್ತೇನೆ. ಬೆಳಿಗ್ಗೆಯೇ ಹೋಗಿ ಕಾಲು ಹಿಡಿಯುವುದೊಂದು ಬಾಕಿಯಿಟ್ಟು ಬೇಡಿಕೊಂಡ ಮೇಲೆ ಚೋನಾ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಎರಡೂ ಕೈಬೆರಳಿನಿಂದ ಸೀಟಿನ ಹೊಲಿಗೆ ಸವರುತ್ತಿದ್ದಾಳೆ. ನಾನು ಹಿಂದೆ ಇರುತ್ತೇನೆ. ಚಾಲಕರ ಹುದ್ದೆ ಒಂದು ಮಾತ್ರ ಖಾಲಿ ಇದ್ದು, ನಮ್ಮಿಬ್ಬರಿಗೂ ಓಡಿಸಲು ಬಾರದ ಕಾರಣ, ಅರ್ಹ ಅಭ್ಯರ್ಥಿ ತಾವೊಬ್ಬರೇ. ಅರ್ಜಿ ಬೇಕಾಗಿಲ್ಲ. ಒಂಬತ್ತು ಗಂಟೆಯೊಳಗೆ ಬಂದು ಸೇವೆಗೆ ಹಾಜರಾಗಬೇಕಾಗಿ ಕೋರಿಕೆ.