ದೀಪ ಆರಿಸಿದರೂ ನಿಲ್ಲದ ಇಂಜಿನ್ನು

ಕೆಲವರ ಮನೇಲಿ ಸಾಮಾನು ತಾನಾಗೇ ಕೆಡುತ್ತೆ. ನಮ್ಮ ಮನೇಲಿ ಹಾಗಿಲ್ಲ. ಫ್ಯಾನ್ ನಿಂತರೂ, ನಲ್ಲಿ ಸೋರಿದರೂ ಎಲ್ಲರೂ ಮೊದಲು ನನ್ನ ಮುಖ ನೋಡ್ತಾರೆ, ಆಮೇಲೆ ಫ್ಯಾನ್ ನೋಡ್ತಾರೆ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೇಲಿ ಕೂತವನು ನಾನು. ಪಕ್ಕದ ಮನೆ ಕಾಲಿಂಗ್ ಬೆಲ್ಲಿಗೆ ಚೂಯಿಂಗ್ ಗಮ್ ಮೆತ್ತಿದವನೂ ನಾನೇ. ಹಾಗಾಗಿ ಅವರು ನೋಡೋದು ತಪ್ಪು ಅಂತಲೂ ಹೇಳಕ್ಕಾಗಲ್ಲ.

ಅಪ್ಪ ಟರ್ನರ್, ಲೇತ್ ಮಷೀನಲ್ಲಿ ಕಬ್ಬಿಣ, ಹಿತ್ತಾಳೆ ಕಡೆಯೋ ಕೆಲಸ. ಫ್ಯಾಕ್ಟರಿ ಮುಚ್ಚಿದಾಗ ಅಲ್ಲಿಂದ ಒಂದು ಪುಟ್ಟ ಲೇತ್ ತಂದು, ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕದ ಶೆಡ್ಡಿನಲ್ಲಿ ಇಟ್ಟರು. ಈಗ ಶ್ರೀಗಂಧದ ಕಾವಲ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ. ಗೇಟು ತೆಗೀತಾರೆ, ಗೇಟು ಹಾಕ್ತಾರೆ. ಮನೆಗೆ ಬಂದರೆ ಮಾತಿಲ್ಲ. ಶೆಡ್ಡಿಗೆ ಹತ್ತಿದರೆ ಮಾತ್ರ ಬಾಯಿ ಬಿಡೋರು. ಅದಕ್ಕೇ ನಾವಿಬ್ಬರೂ ಅಲ್ಲಿ ಬಿಸಿಗಾಳಿ ಇಂಜಿನ್ ಮಾಡೋಕೆ ಶುರು ಮಾಡಿದ್ದು. ಅಂಗೈ ಅಗಲದ್ದು. ಪೆಟ್ರೋಲ್ ಬೇಡ, ಕರೆಂಟ್ ಬೇಡ. ಕೊಳವೆಯ ತುದಿಗೆ ದೀಪ ಇಟ್ಟರೆ ಒಳಗಿನ ಗಾಳಿ ಕಾದು ಹಿಗ್ಗಿ ಪಿಸ್ಟನ್ನನ್ನ ತಳ್ಳುತ್ತೆ, ತಣ್ಣಗಾಗಿ ಕುಗ್ಗಿ ಒಳಗೆ ಎಳ್ಕೊಳ್ಳುತ್ತೆ, ಚಕ್ರ ತಿರುಗುತ್ತೆ. ಅಂದರೆ, ತಿರುಗಬೇಕು.

೧. ಭಾನುವಾರದ ಪವಾಡ

ತಿಂಗಳುಗಟ್ಟಲೆ ತಿರುಗಲಿಲ್ಲ. “ಎಲ್ಲೋ ಗಾಳಿ ಸೋರ್ತಿದೆ ಕಣೋ” ಅಂತ ಅಪ್ಪ ಹಿತ್ತಾಳೆ ಪಿಸ್ಟನ್ ಮೇಲೆ ಪಿಸ್ಟನ್ ಕಡೆದರು. ಒಂದು ಭಾನುವಾರ ನಾನು ಆಟದ ಕಾರಿನ ಮೋಟಾರನ್ನೂ ಒಂದು ಸೆಲ್ಲನ್ನೂ ಇಂಜಿನ್ನಿನ ಮರದ ಪೀಠದ ಕೆಳಗೆ ಅಡಗಿಸಿ, ಚಕ್ರಕ್ಕೆ ತಾಗಿಸಿಟ್ಟೆ. ದೀಪ ಹಚ್ಚಿದೆ. ಚಕ್ರ ಗರಗರ.

ಅಪ್ಪ ಅಮ್ಮನ್ನ ಕೂಗಿದರು. ಕೆಳಗಿನ ಮನೆ ಓನರನ್ನೂ ಕೂಗಿದರು. ಅಪ್ಪನ ಆ ಮುಖ ನೋಡಿ, ‘ಬಕ್ರಾ ಆದ್ರಿ’ ಅಂತ ಹೇಳೋದನ್ನ ನಾಳೆಗೆ ಮುಂದೂಡಿದೆ. “ಸಾಕು, ಜಾಸ್ತಿ ಕಾಯುತ್ತೆ” ಅಂತ ಅಪ್ಪ ದೀಪ ಊದಿದರು.

ದೀಪ ಆರಿತು. ಚಕ್ರ ನಿಲ್ಲಲಿಲ್ಲ. ಒಂದು ನಿಮಿಷ ಆಯ್ತು, ಎರಡಾಯ್ತು, ಓಡ್ತಾನೇ ಇದೆ.

ಅಪ್ಪ ಪೀಠ ಎತ್ತಿ ನೋಡಿ, ಸೆಲ್ ಕಿತ್ತು ನನ್ನ ಕೈಗಿಟ್ಟರು. ಹೊಡೀಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. “ಆಯುಧ ಪೂಜೆ ಒಂದು ಆಗಲಿ. ಲೇತ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ” ಅಂತ ಇಳಿದು ಹೋದರು.

ಬಾಗಿಲಲ್ಲಿ ನಿಂತಿದ್ದ ಓನರ್‌ಗೆ ಸೆಲ್ ಕಂಡಿರಲಿಲ್ಲ. ಹೋಗ್ತಿದ್ದ ಅಪ್ಪನ ಬೆನ್ನಿಗೆ ಹೇಳಿದರು: “ಏನ್ ಇಂಜಿನ್ ರೀ ಇದು! ದೀಪ ಆರಿಸಿದ್ರೂ ಓಡುತ್ತಲ್ಲ!”

೨. ಗಾಜಿನ ಸಿರಿಂಜು

ಲೇತ್ ಹೋದರೆ ಅಪ್ಪನ ಮಾತೂ ಅದರ ಜೊತೆಗೇ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಹಬ್ಬದೊಳಗೆ ಇಂಜಿನ್ ನಿಜವಾಗಿ ತಿರುಗಬೇಕು. ಗಾಜಿನ ಸಿರಿಂಜನ್ನೇ ಪಿಸ್ಟನ್ ಮಾಡಿದರೆ ಗಾಳಿ ಸೋರಲ್ಲ, ದೀಪಕ್ಕೆ ಸ್ಪಿರಿಟ್ ಹಾಕಿದರೆ ಮಸಿ ಹಿಡಿಯಲ್ಲ ಅಂತ ಮೊಬೈಲ್‌ನಲ್ಲಿ ನೋಡಿದ್ದೆ. ಮೆಡಿಕಲ್ ಸ್ಟೋರಿಗೆ ಹೋದೆ.

“ಅಂಕಲ್, ಒಂದು ಗಾಜಿನ ಸಿರಿಂಜು, ಒಂದು ಬಾಟ್ಲಿ ಸ್ಪಿರಿಟ್ಟು.”

ಅಂಗಡಿಯವರು ನನ್ನ ಕೂದಲು ನೋಡಿದರು, ಕಣ್ಣು ನೋಡಿದರು. “ಯಾರಿಗೆ?”

“ಇಂಜಿನ್‌ಗೆ.”

“ಏನಾಗಿದೆ?”

“ಉಸಿರಾಡ್ತಾ ಇಲ್ಲ.”

ನನ್ನ ಕೈ ಹಿಡಿದು ಸ್ಟೂಲ್ ಮೇಲೆ ಕೂರಿಸಿ, ನಂಬರ್ ಕೇಳಿ ಅಪ್ಪಂಗೆ ಫೋನ್ ಮಾಡಿದರು. ಅಪ್ಪ ಡ್ಯೂಟಿಯಿಂದ ಹಾಗೇ ಬಂದರು. ಖಾಕಿ ಅಂಗಿ, ಬೆಲ್ಟು, ಕೈಯಲ್ಲಿ ಲಾಠಿ. ಅಂಗಡಿಯವರು ದಡಕ್ಕನೆ ಎದ್ದು ನಿಂತರು.

“ಸಾರ್, ನಾನೇನೂ ಕೊಟ್ಟಿಲ್ಲ ಸಾರ್! ಈ ಹುಡುಗನೇ ಕೇಳಿದ್ದು ಸಾರ್!”

ಅಪ್ಪ ನನ್ನನ್ನ ನೋಡಿದರು. ನಾನು ಪಿಸ್ಟನ್ ಆಡೋ ಹಾಗೆ ಬೆರಳು ಆಡಿಸಿ ತೋರಿಸಿದೆ. ಅವರಿಗೆ ಅರ್ಥ ಆಯ್ತು. ಎಷ್ಟೋ ದಿನ ಆದಮೇಲೆ ಇಂಜಿನ್ ವಿಷಯದಲ್ಲಿ ಒಂದೇ ಒಂದು ಮಾತಾಡಿದರು.

“ಕೊಡಿ.”

ಅಂಗಡಿಯವರು ಸ್ಪಿರಿಟ್ ಜೊತೆ ಒಂದಕ್ಕೆರಡು ಸಿರಿಂಜು ಕೊಟ್ಟರು.

೩. ಕಳ್ಳನ ಕೈ

ಸಿರಿಂಜು ಕೂರಿಸಿದೆ. ಸಂಜೆ ಚಕ್ರ ನಾಲ್ಕು ಸುತ್ತು ಬಂತು. ಬೆಳಗ್ಗೆ ನೋಡಿದರೆ ಪಿಸ್ಟನ್ ಕಚ್ಚಿಕೊಂಡು ಕೂತಿದೆ. ತೊಳೆದೆ, ಒಣಗಿಸಿದೆ, ನುಣುಪಿಗೆ ಪೆನ್ಸಿಲ್ ಸೀಸದ ಪುಡಿ ಸವರಿದೆ. ಸಂಜೆ ನಾಲ್ಕು ಸುತ್ತು, ಬೆಳಗ್ಗೆ ಮತ್ತೆ ಬಿಗಿ. ಯಾರೋ ನನ್ನನ್ನೇ ಆಟ ಆಡಿಸ್ತಿದಾರೆ. ಊರಿಗೆಲ್ಲ ಟೋಪಿ ಹಾಕಿದವನಿಗೆ ಎಷ್ಟು ಅವಮಾನ!

ಮಾರನೇ ಬೆಳಗ್ಗೆ ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಂಡೆ. ಬಂದದ್ದು ಅಮ್ಮ. ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಪುಟ್ಟ ಬಟ್ಟಲಲ್ಲಿ ಹರಳೆಣ್ಣೆ. ಸಿರಿಂಜಿಗೆ ಎರಡು ಹನಿ ಬಿಟ್ಟು ಕೈ ಮುಗಿದಳು. “ಒಂದ್ ಸಲ ತಿರುಗಪ್ಪಾ. ಅವರು ಮಾತಾಡೋ ಹಾಗಾಗ್ಲಿ.”

ನಾನು ಟ್ಯಾಂಕಿನ ಹಿಂದಿನಿಂದ ಎದ್ದು ಬಂದೆ.

“ಅಮ್ಮ, ಇದಕ್ಕೆ ಎಣ್ಣೆ ಹಾಕಬಾರದು. ಅಂಟುತ್ತೆ.”

“ದಿನಾ ಬೆಳಗ್ಗೆ ಎಣ್ಣೆ ಬಿಡದೆ ಮಷೀನ್ ಮುಟ್ಟಬಾರದು ಅಂತ ನಿಮ್ಮಪ್ಪನೇ ಹೇಳೋರು. ಎಣ್ಣೆ ಬೇಡ ಅನ್ನೋ ಮಷೀನ್ ಎಲ್ಲಾದ್ರೂ ಇದ್ಯೇನೋ?”

“ಇದಕ್ಕೆ ಬೇಡಮ್ಮ.”

ಅಮ್ಮ ನನ್ನ ತಲೆ ನೋಡಿದಳು. “ಹ್ಞೂಂ. ನೀನೂ ಎಣ್ಣೆ ಹಚ್ಚಿಸ್ಕೊಳ್ಳಲ್ಲ. ಅದಕ್ಕೇ ಇಬ್ಬರೂ ಕೂತ ಕಡೆ ಕೂತಿದೀರ.”

೪. ಮುಟ್ಟಬಾರದ ದಿನ

ಎಲ್ಲ ತೊಳೆದು ಜೋಡಿಸೋ ಹೊತ್ತಿಗೆ ಆಯುಧ ಪೂಜೆ ಬಂದೇಬಿಡ್ತು. ಪೂಜೆಗಿಟ್ಟ ಸಾಮಾನು ಮಾರನೇ ದಿನದವರೆಗೂ ಮುಟ್ಟೋ ಹಾಗಿಲ್ಲ. ಮಾರನೇ ಬೆಳಗ್ಗೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನವರೊಬ್ಬರು ಲೇತ್ ಒಯ್ಯೋದು. ಅವರೂ ಪೂಜೆಗೆ ಬಂದಿದ್ದರು. ಓನರೂ ಬಂದಿದ್ದರು.

ಅಮ್ಮ ಲೇತಿಗೆ ಸೇವಂತಿಗೆ ಹಾರ ಹಾಕಿ, ಪಕ್ಕದಲ್ಲೇ ನನ್ನ ಇಂಜಿನ್ ಇಟ್ಟು, ಜಾಗ ಸಾಲದೆ ಹಣತೆಯನ್ನ ಸರಿಯಾಗಿ ಕೊಳವೆಯ ತುದಿಯ ಕೆಳಗೇ ಇಟ್ಟಳು. ಅಪ್ಪ ಮಂಗಳಾರತಿ ಮಾಡಿ ಹೂ ಎರಚಿದರು. ಒಂದು ಸೇವಂತಿಗೆ ಹೋಗಿ ಚಕ್ರಕ್ಕೆ ಬಿತ್ತು.

ಚಕ್ರ ಅಲುಗಿತು. ಆಮೇಲೆ ಟಿಕ್ ಟಿಕ್ ಟಿಕ್ ಅಂತ ಶುರುವಾಯ್ತು.

“ಅಯ್ಯೋ, ಇವತ್ತು ಮಷೀನ್ ಓಡಿಸಬಾರದು ಕಣೋ!” ಅಂದಳು ಅಮ್ಮ. ಎಲ್ಲರೂ ಎಂದಿನಂತೆ ನನ್ನ ಮುಖ ನೋಡಿದರು.

“ನಾನಲ್ಲ! ದೇವರಾಣೆ ನಾನಲ್ಲ!”

ಅಪ್ಪ ಆರತಿ ತಟ್ಟೆ ಕೆಳಗಿಟ್ಟರು. ಇಂಜಿನ್ ಎತ್ತಿ ತಲೆಕೆಳಗು ಮಾಡಿದರು, ಪೀಠ ತಟ್ಟಿದರು, ಕಿವಿಗೆ ಹಿಡಿದರು. ನನ್ನ ಜೇಬೂ ನೋಡಿದರು. ಮತ್ತೆ ಹಣತೆ ಮುಂದಿಟ್ಟು ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಓಡಿತು. ಆಮೇಲೆ ಬಗ್ಗಿ, ದೇವರ ದೀಪ ಅನ್ನೋದೂ ನೋಡದೆ, ಉಫ್ ಅಂತ ಊದಿಬಿಟ್ಟರು.

ದೀಪ ಆರಿತು. ಚಕ್ರ ಓಡ್ತಾನೇ ಇತ್ತು. ಕೊಳವೆ ಇನ್ನೂ ಬಿಸಿ ಇದೆ, ಅದಕ್ಕೇ ಓಡ್ತಿದೆ ಅಂತ ಹೇಳೋಣ ಅಂದ್ರೆ, ನನ್ನ ಮಾತು ಯಾರು ನಂಬ್ತಾರೆ? ‘ನಿಲ್ಲೋ ಮಾರಾಯ’ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಟಿಕ್... ಟಿಕ್... ಟಿಕ್.

ನಿಂತಿತು.

ಅಪ್ಪ ಕಣ್ಣು ಒರೆಸಿಕೊಂಡರು. ಕರ್ಪೂರದ ಹೊಗೆ ಅಂದರು. “ನಿಂತುಹೋಯ್ತು ಕಣೇ, ನೋಡಿದ್ಯಾ? ನಿಜವಾಗ್ಲೂ ನಿಂತುಹೋಯ್ತು!” ಅಂತ ಅಮ್ಮಂಗೆ ಎರಡೆರಡು ಸಲ ಹೇಳಿದರು. ಆಮೇಲೆ ಕಾಮಾಕ್ಷಿಪಾಳ್ಯದವರ ಕಡೆ ತಿರುಗಿ, “ಬೇಜಾರ್ ಮಾಡ್ಕೋಬೇಡಿ ಸಾರ್. ಚಕ್ರ ಒಂದು ಕೂದಲೆಳೆ ವಾಲುತ್ತೆ. ನಾಳೆಯಿಂದ ಲೇತ್ ನಮಗೇ ಬೇಕು” ಅಂದರು. ಅದಾದ ಮೇಲೆ ವಾಲೋ ಚಕ್ರದ ಬಗ್ಗೆ ಅರ್ಧ ಗಂಟೆ ಬಿಡದೆ ಮಾತಾಡಿದರು.

ಓನರ್ ಕಡಲೆ ಉಸಲಿ ತಿನ್ನುತ್ತಾ ಎಲ್ಲ ಕೇಳಿಸಿಕೊಂಡರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ಯಾರಿಗೂ ಕೇಳದ ಹಾಗೆ ಸಮಾಧಾನ ಹೇಳಿದರು:

“ನಿಮ್ಮಪ್ಪಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣಪ್ಪ. ಮೊದಲಿನ ಇಂಜಿನ್ನೇ ಚೆನ್ನಾಗಿತ್ತು. ಇದು ದೀಪ ಆರಿಸಿದ್ರೆ ನಿಂತೇಹೋಗುತ್ತಲ್ಲ!”