ಹಾಸ್ಟೆಲ್ಲಿಗೆ ನೂರಾ ಇಪ್ಪತ್ತು ಬಾಗಿಲು

ನೂರಾ ಇಪ್ಪತ್ತು ಬಾಗಿಲು: ಕೋಣೆಗಳಿಗೆ ತೊಂಬತ್ತು, ಸಂಡಾಸುಗಳಿಗೆ ಮೂವತ್ತು. ವಿಶ್ವವಿದ್ಯಾಲಯದ ಹೊಸ ಹಾಸ್ಟೆಲ್ಲಿಗಾಗಿ ತೆಲುಗು ಸೀಮೆಯ ಹಿಮಾಯತ್‌ನಗರದ ನನ್ನ ಅಂಗಡಿಗೆ ಬಂದ ಆರ್ಡರು ಇಷ್ಟು. ನಕ್ಷೆ ಬರೆಯುವವರು ನನ್ನನ್ನು ದಂಗುಬಡಿಸದ ವರ್ಷವೇ ಇಲ್ಲ. ಆದರೆ ಈ ಆರ್ಕಿಟೆಕ್ಟ್ ಸಾಹೇಬರು, ನಮ್ಮ ಗುಲ್ಬರ್ಗಾ ಕಡೆಯವರೇ, ಒಂದೇ ಕಟ್ಟಡದಲ್ಲಿ ಮೂರು ಸಲ ದಂಗುಬಡಿಸಿದರು.

೧. ತೆಳ್ಳಗಿನ ಹುಡುಗರು

ಮಾದರಿ ಕೋಣೆಗೆ ಮೊದಲ ಬಾಗಿಲು ಕೂರಿಸಿದೆವು. ಒಳಗೆ ನಕ್ಷೆಯ ಪ್ರಕಾರ ಮೂರು ಮಂಚ. ಬಾಗಿಲು ಒಂದು ಗೇಣು ತೆರೆದು ಮಂಚಕ್ಕೆ ಬಡಿದು ನಿಂತಿತು.

"ಸಾಹೇಬ್ರ, ಇದರಾಗ ಮನುಷ್ಯಾ ಹೆಂಗ ಹೋಗಬೇಕ್ರಿ?"

"ಸಾವಕಾರ್ರ, ಓದೋ ಹುಡುಗರು ತೆಳ್ಳಗಿರತಾರ."

ನಮ್ಮ ಮಿಸ್ತ್ರಿ ಅಡ್ಡಡ್ಡ ನುಗ್ಗಿ ನೋಡಿದ. ಹೊಟ್ಟೆ ಸಿಕ್ಕಿಕೊಂಡಿತು. ಬಾಗಿಲನ್ನೇ ಬಿಚ್ಚಿ ಅವನನ್ನು ಬಿಡಿಸಿದೆವು. ಸಾಹೇಬರು ಕದಲಲಿಲ್ಲ: "ಅವನೇನು ಇಲ್ಲಿ ಓದಾಕ ಬಂದಾನೇನ್ರಿ?"

೨. ಎದುರುಬದುರು

ಮರುದಿನ ಬಾಗಿಲು ಹೊರಕ್ಕೆ ತೆರೆಯುವಂತೆ ನಕ್ಷೆ ತಿದ್ದಿ ತಂದರು. ವರಾಂಡದ ಅಗಲ ನಾಲ್ಕು ಅಡಿ, ಎರಡೂ ಬದಿಗೆ ಕೋಣೆ, ಬಾಗಿಲು ಮೂರು ಮೂರು ಅಡಿ.

"ಎದುರಿನವನೂ ಅದ ಹೊತ್ತಿಗೆ ಬಾಗಿಲು ತಗದರ?"

"ಒಬ್ಬರಾದ ಮ್ಯಾಲೆ ಒಬ್ಬರು ತಗೀಬೇಕು. ಟೈಮ್‌ಟೇಬಲ್ ಹಚ್ಚತೇವಿ."

೩. ಗಾಳಿ

ನಾನು ಅಷ್ಟು ತಕರಾರು ಮಾಡಿದ್ದೇ ತಪ್ಪಾಯಿತು. ಸಾಹೇಬರು ಅಂಗಡಿಗೇ ಬಂದರು.

"ಸಾವಕಾರ್ರ, ತಂಟೆ ಎಲ್ಲಾ ಬಾಗಿಲಿಂದನ. ಸಂಡಾಸಿಗೆ ಬಾಗಿಲು ಬ್ಯಾಡ, ಗಾಳಿ ಆಡಲಿ. ಕೋಣೆಗೂ ಪರದೆ ಸಾಕೇನೋ, ನಾಳೆ ಕುಲಪತಿಗಳನ್ನ ಕೇಳತೀನಿ."

ಬಾಯಿಗೆ ಹೋಗುತ್ತಿದ್ದ ಚಹಾ ಅರ್ಧದಲ್ಲೇ ನಿಂತಿತು. ಆಗಲೇ ಮರವೆಲ್ಲ ಕೊಯ್ಸಿ ಆಗಿತ್ತು.

ಮರುದಿನ ಕುಲಪತಿಗಳು ಕಟ್ಟಡ ನೋಡಲು ಬಂದರು. ಬಿಸಿಲು ಭಾಳ ಐತಿ ಎಂದು ಹೇಳಿ ನಾನೇ ಮೂರು ಗ್ಲಾಸು ಮಜ್ಜಿಗೆ ಕುಡಿಸಿದೆ. ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅವರು ಮೆಲ್ಲಗೆ ತೆಲುಗಿನಲ್ಲಿ ಸಂಡಾಸು ಎಲ್ಲಿ ಎಂದರು. ತೋರಿಸಿದೆ. ಹೋದವರು ಹಾಗೇ ವಾಪಸು ಬಂದರು.

"ಬಾಗಿಲು?"

ಸಾಹೇಬರು ಗಾಳಿಯ ವಿಷಯ ಶುರುಮಾಡಿದರು. ಅದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಕುಲಪತಿಗಳಿಗಿರಲಿಲ್ಲ. ಸಾಹೇಬರ ಕೈಯಲ್ಲಿದ್ದ ದೊಡ್ಡ ನಕ್ಷೆ ಬಿಚ್ಚಿಸಿ, ಅದನ್ನೇ ಚೌಕಟ್ಟಿಗೆ ಅಡ್ಡ ಹಿಡಿದು ನಿಲ್ಲಲು ಹೇಳಿ ಒಳಗೆ ಹೋದರು. ಗಾಳಿ ಬೀಸಿದಾಗಲೆಲ್ಲ ನಕ್ಷೆ ಪಟಪಟ ಅನ್ನುತ್ತಿತ್ತು. ಒಳಗಿನಿಂದ ಅಪ್ಪಣೆಯಾಯಿತು: "ಗಟ್ಟಿ ಹಿಡಿಯಿರಿ." ತುಸು ಹೊತ್ತಿಗೆ ಇನ್ನೊಂದು: "ಬಾಗಿಲಿನವರು ಅಲ್ಲೇ ಇದ್ದಾರೇನು? ಬರೆದುಕೊಳ್ಳಲಿ."

ಕೋಣೆಗಳ ತೊಂಬತ್ತು, ಸಂಡಾಸುಗಳ ಮೂವತ್ತು ಅಲ್ಲೇ ಖಾಯಂ ಆದವು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಕುಲಪತಿಗಳು ಸಾಹೇಬರ ಕೈಯಲ್ಲಿನ ನಕ್ಷೆ ನೋಡಿದರು. "ನನ್ನ ಹೊಸ ಬಂಗಲೆಯ ನಕ್ಷೆಯೂ ಇವರದೇ," ಎಂದು ಅದಕ್ಕೂ ಎಂಟು ಬರೆಸಿದರು.

ಒಟ್ಟು ಬಾಗಿಲು, ನೂರಾ ಇಪ್ಪತ್ತೆಂಟು.