ಗೌಡರ ಶೆಡ್ಡು, ಎಂಟನೇ ಬಿರುಕು

ಬಾಡಿಗೆ ಕಟ್ಟಡ ಇರೋ ಕಡೆಯೆಲ್ಲ ಇಂಥವು ನಡೀತಾನೇ ಇರುತ್ತವೆ. ಎಪ್ಪತ್ತರ ದಶಕದ ಕೊನೆಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ನಾವು ಬಾಡಿಗೆಗೆ ಹಿಡಿದಿದ್ದ ಶೆಡ್ಡು ಮಾಕಳಿ ಕಡೆಯ ಗೌಡರೊಬ್ಬರದು. ನೆನೆಸಿಕೊಂಡು ಈಗಲೂ ಒಬ್ಬನೇ ನಗ್ತಿರ್ತೀನಿ. ಹೆಂಡತಿ ಅನುಮಾನದಿಂದ ನೋಡ್ತಾಳೆ.

೧. ನಂಬಿಕೆಯ ಬಣ್ಣ

ಕರಾರು ಸರಳ: ಛಾವಣಿಯ ಹಳೇ ಬಿರುಕಿನ ರಿಪೇರಿ ಗೌಡರದು, ಹೊಸ ಬಿರುಕಿನದು ನಮ್ಮದು. ಬೀಗದ ಕೈ ಕೊಡೋ ದಿನ ಗೌಡರು ಏಣಿ, ಕೆಂಪು ಬಣ್ಣದ ಡಬ್ಬಿ ಸಮೇತ ಬಂದು, ಸಿಮೆಂಟ್ ಶೀಟಿನ ಏಳು ಬಿರುಕಿಗೂ ಒಳಗಿನಿಂದ ಗುರುತು ಬಳಿದರು.

"ಏನ್ ಗೌಡ್ರೇ, ನಂಬಿಕೆ ಇಲ್ವಾ?" ಅಂದರು ನಮ್ಮ ಕಾರ್ಖಾನೆಯ ಯಜಮಾನರು.

"ಐತೆ ಸಾಮಿ. ಅದು ಕೆಡಬಾರ್ದು ಅಂತ್ಲೇ ಬಳೀತಿರೋದು!"

೨. ಕುಂಕುಮ

ಕಬ್ಬಿಣ ಕಡೆಯೋ ಹೊಸ ಲೇತ್ ಯಂತ್ರ ಬಂತು. ಮಾರನೇ ವಾರವೇ ಸರಿಯಾಗಿ ಅದರ ನೆತ್ತಿಯ ಮೇಲೆ ಹೊಸ ಬಿರುಕು! ಮಳೆ ಬಿದ್ದರೆ ಲೇತ್ ತುಕ್ಕು. ಯಜಮಾನರು ಬಾಗಿಲು ಹಾಕಿ ಪಿಸುಗುಟ್ಟಿದರು: "ಅದೇ ಬಣ್ಣ ಅಂಗಡೀಲಿ ಸಿಗುತ್ತೇನ್ರೀ?"

ಸಿಕ್ಕಿತು. ಬಳಿದೆ. ರಿಪೇರಿಗೆ ಹೇಳಿಕಳಿಸಿದ ಮೇಲೆ ಗೌಡರು ಬಂದು ಎಣಿಸಿದರು, ಮತ್ತೆ ಎಣಿಸಿದರು.

"ಏಳು ಬಳ್ದಿದ್ದೆ. ಎಂಟಾಗವೆ. ಮರಿ ಆಕ್ತಾ?" ಅಂತ ನನ್ನ ಕೈ ನೋಡಿದರು.

"ಬೆಳಿಗ್ಗೆ ಪೂಜೆ ಮಾಡಿದ್ದೆ ಗೌಡ್ರೇ, ಕುಂಕುಮ."

"ಮೊಣಕೈಗಂಟ ಕುಂಕುಮವಾ ಸಾ?"

೩. ಮೇಲಿನ ತನಿಖೆ

"ಹಳೇದಾದ್ರೆ ಪಾಚಿ ಕಟ್ಟಿರ್ತದೆ, ಮ್ಯಾಲೆ ಅತ್ತಿ ನೋಡ್ತೀನಿ" ಅಂತ ಗೌಡರು ಆಗಲೇ ಏಣಿ ಹತ್ತಿದರು. ಮೋಡ ಕವಿದಿತ್ತು. ಶೀಟಿನ ಮೇಲೆ ಹಲಗೆ ಹಾಸಿಕೊಂಡು ನಡೀರಿ ಅಂದೆ.

"ಅಲಗೆ ಆಕ್ಸಿ ಇನ್ನೊಂದು ಬಿರುಕು ಬಿಡ್ಸೋಕಾ? ಬ್ಯಾಡ!"

ಚಟ್! ಲೇತಿನ ಮೇಲೆ ಮೊದಲು ಒಂದು ಚಪ್ಪಲಿ ಬಿತ್ತು. ಆಮೇಲೆ ಎರಡು ಕಾಲು ಇಳಿದು ಗಾಳಿಯಲ್ಲಿ ತುಳಿಯತೊಡಗಿದವು. ಸೊಂಟದ ಮೇಲಿನ ಗೌಡರು ಛಾವಣಿಯ ಮೇಲೆ.

"ಎಳೀರಪ್ಪೋ!"

ಯಜಮಾನರು ಹೊರಗಿನ ಏಣಿ ಹತ್ತಿದರು, ಕೈಯಲ್ಲಿ ಕೆಂಪು ಡಬ್ಬಿ. ಹಿಂದೆ ನಾನು.

"ಗೌಡ್ರೇ, ಇದು ಹಳೇದೋ, ಹೊಸದೋ?"

ಒಂದು ಹನಿ ಮಳೆ ಬಿತ್ತು. ಒಳಗೆ ಕಾಲುಗಳು ತುಳಿಯೋದು ನಿಲ್ಲಿಸಿದವಂತೆ.

"ಡಬ್ಬಿ ಇತ್ಲಾಗೆ ಕೊಡಿ ಸಾಮಿ" ಅಂದವರೇ ಗೌಡರು ತಮ್ಮ ಸೊಂಟದ ಸುತ್ತ ಶೀಟಿನ ಮೇಲೆ ತಾವೇ ದುಂಡಗೆ ಗುರುತು ಬಳಿದರು. ಆಮೇಲೇ ನಾವು ಎಳೆದದ್ದು.

ಸಂಜೆಯೊಳಗೆ ಗೌಡರ ಖರ್ಚಲ್ಲೇ ಹೊಸ ಶೀಟು ಬಂತು, ಲೇತ್ ಉಳಿಯಿತು. ಹೊರಡುವಾಗ ಗೌಡರು ಕುಂಟುತ್ತಾ ತಿರುಗಿ ನಿಂತರು: "ಈ ತೂತು ನಂದೇ, ಒಪ್ಕೊಂಡೆ. ಆದ್ರೆ ಆ ಎಂಟ್ನೇ ಬಿರುಕು ಮಾತ್ರ ನಂದಲ್ಲ, ರಿಪೇರಿ ನೀವೇ ಮಾಡುಸ್ಕಳಿ!"

ಅದೆಲ್ಲಿತ್ತು? ಶೀಟು ಮುರಿದಾಗಲೇ ಗೌಡರ ಕಾಲಿನ ಜೊತೆಗೇ ಕೆಳಗಿಳಿದು ಬಂದಿತ್ತು.